ಪ್ರಕೃತಿಯ ರೂಪಗಳೂ ಶಾಸ್ತ್ರಜ್ಞರ ಚಿತ್ರಗಳೂ

ಪಾರಿಜಾತದ ಹೂವನ್ನು ನೋಡದವರು ನಮ್ಮಲ್ಲಿ ವಿರಳ. ಬೆಳಗಿನ ಜಾವ ಅಂಗಳದಲ್ಲಿ ಉದುರಿ ಬಿದ್ದ ಆ ಹೂಗಳನ್ನು ಆಯ್ದು ತಂದು ದೇವರಿಗೇರಿಸಿದ ಅನುಭವ ಬಹುಮಂದಿಗೆ ಉಂಟು. ಅದರ ಎಸಳು ಬಿಳುಪು, ತೊಟ್ಟು ಕೇಸರಿ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ಹೂವಿಗೆ ಎಸಳುಗಳು ಎಷ್ಟು? ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳಿಗೆ ಅನೇಕ ಸಲ ಹಾಕಿದ್ದೇನೆ. ಕೆಲವರು ಥಟ್ಟನೆ ಐದು ಎನ್ನುತ್ತಾರೆ, ಕೆಲವರು ಸುಮ್ಮನಾಗುತ್ತಾರೆ. ಉತ್ತರವನ್ನು ಈ ಭಾಷಣದ ಕೊನೆಗೆ ಇಟ್ಟುಕೊಳ್ಳೋಣ. ಕಣ್ಣಿಗೆ ನಿತ್ಯವೂ ಬೀಳುವುದನ್ನೆಲ್ಲ ನಾವು ಕಂಡಿರುವೆವೆಂದು ಹೇಳುವಂತಿಲ್ಲ ಎಂಬುದಿಷ್ಟೇ ಸದ್ಯಕ್ಕೆ ಸಾಕು.

ಚಿತ್ರಗಳ ವಿಷಯವನ್ನು ರೇಡಿಯೋದಲ್ಲಿ ಮಾತನಾಡಹೊರಡುವುದು ಸ್ವಲ್ಪ ವಿಚಿತ್ರವೇ ಸರಿ. ನಾನು ಹೇಳಬೇಕೆಂದಿರುವ ಪಟಗಳನ್ನು ತೋರಿಸಲು ಇಲ್ಲಿ ಉಪಾಯವಿಲ್ಲ. ಕೇಳುವವರು ಅವುಗಳನ್ನು ಮನಸ್ಸಿನಲ್ಲೇ ಬರೆದುಕೊಳ್ಳಬೇಕು. ಇವು ಅರಮನೆಯ ಗೋಡೆಗಳಿಗಾಗಿ ಬರೆದ ಚಿತ್ರಗಳಲ್ಲ. ಗಿಡ, ಕೀಟ, ಚಿಪ್ಪು, ಹವಳ ಮುಂತಾದುವನ್ನು ಪರೀಕ್ಷಿಸಿದ ಶಾಸ್ತ್ರಜ್ಞರು, ತಾವು ಕಂಡುದನ್ನು ದೂರದೂರಿನ ಮತ್ತೊಬ್ಬ ಶಾಸ್ತ್ರಜ್ಞನೂ ಕಾಣಲೆಂದು ಬರೆದವು. ಛಾಯಾಚಿತ್ರವಿಲ್ಲದ ಕಾಲದಲ್ಲಿ ಬೇರೆ ದಾರಿಯಿರಲಿಲ್ಲ. ಒಣಗಿಸಿಟ್ಟ ಹೂವು ಬಣ್ಣಗೆಡುತ್ತದೆ; ಸಾರಾಯಿಯಲ್ಲಿ ಅದ್ದಿಟ್ಟ ಪ್ರಾಣಿ ಮುದುಡುತ್ತದೆ; ಸಮುದ್ರದ ಅಂಬಲಿಮೀನನ್ನು ದಡಕ್ಕೆ ತಂದರೆ ಸ್ವಲ್ಪ ಹೊತ್ತಿನಲ್ಲೇ ಆಕಾರವಳಿದು ಲೋಳೆಯಾಗಿಬಿಡುತ್ತದೆ. ಕಾಗದದ ಮೇಲೆ ಉಳಿದುದೇ ಉಳಿದದ್ದು. ಉಪಯೋಗಕ್ಕಾಗಿ ಬರೆದ ಈ ಚಿತ್ರಗಳಲ್ಲಿ ಅಷ್ಟೊಂದು ಸೊಬಗು ಎಲ್ಲಿಂದ ಬಂದಿತು, ಆ ಸೊಬಗು ಸತ್ಯಕ್ಕೆ ಯಾವಾಗ ಸಹಾಯಕ, ಯಾವಾಗ ವಿರೋಧಿ ಎಂಬುದೇ ಈ ಹೊತ್ತಿನ ವಿಚಾರ.

ಮೊದಲು ಒಂದು ಹಳೆಯ ನಿದರ್ಶನ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 1665ರಲ್ಲಿ 'ಮೈಕ್ರೊಗ್ರಾಫಿಯ' ಎಂಬ ಗ್ರಂಥವನ್ನು ಪ್ರಕಟಿಸಿದನು. ಸೂಕ್ಷ್ಮದರ್ಶಕ ಯಂತ್ರದ ಮೂಲಕ ಕಂಡ ವಸ್ತುಗಳ ಚಿತ್ರಗಳು ಅದರಲ್ಲಿವೆ. ಅದರ ಒಂದು ಹಾಳೆಯನ್ನು ಬಿಡಿಸಿದರೆ ಸುಮಾರು ಒಂದೂವರೆ ಅಡಿ ಉದ್ದದ ಚಿಗಟವೊಂದು ಎದುರಿಗೆ ನಿಲ್ಲುತ್ತದೆ. ಮೈಗೆ ಕವಚ ತೊಟ್ಟ ವೀರನಂತೆ, ಒಂದರ ಮೇಲೊಂದು ಹೊದಿಸಿದ ನುಣ್ಣನೆಯ ಫಲಕಗಳು, ಅವುಗಳ ಅಂಚಿನಲ್ಲಿ ಸಾಲಾಗಿ ಮುಳ್ಳುಗಳು. ಉಗುರಿನ ನಡುವೆ ಒರಸಿ ಬಿಸಾಡುವ ಹುಳುವಿನಲ್ಲಿ ಇಷ್ಟು ರಚನೆಯಿದೆಯೆಂದು ಅಂದಿನವರು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಚಿತ್ರಕ್ಕಿಂತಲೂ ಸ್ವಾರಸ್ಯವಾದದ್ದು ಅದನ್ನು ಬರೆಯುವಾಗ ತನಗಾದ ತೊಡಕನ್ನು ಹುಕ್ ಹೇಳಿಕೊಂಡಿರುವ ಬಗೆ. ನೊಣದ ಕಣ್ಣನ್ನು ಒಂದು ಬೆಳಕಿನಲ್ಲಿಟ್ಟು ನೋಡಿದರೆ ರಂಧ್ರಗಳ ಜಾಲರಿಯಂತೆ ಕಂಡಿತು. ಬಿಸಿಲಿನಲ್ಲಿ ನೋಡಿದರೆ ಚಿನ್ನದ ಮೊಳೆಗಳನ್ನು ಹೊಡೆದ ಹಲಗೆಯಂತೆ ಕಂಡಿತು. ಬೇರೊಂದು ಕಡೆಯಿಂದ ನೋಡಿದರೆ ಸಣ್ಣ ಸಣ್ಣ ಗೋಪುರಗಳಂತೆ. ಉಬ್ಬು ಯಾವುದು, ತಗ್ಗು ಯಾವುದು, ನೆರಳು ಯಾವುದು, ಕಲೆ ಯಾವುದು ಎಂದು ತಿಳಿಯುವುದೇ ಕಷ್ಟವಾಯಿತು. ಆದುದರಿಂದ ಒಂದೇ ವಸ್ತುವನ್ನು ಹಲವು ಬೆಳಕುಗಳಲ್ಲಿ, ಹಲವು ಮಗ್ಗುಲುಗಳಿಂದ ನೋಡಿ, ನಿಜವಾದ ಆಕಾರ ಇದೇ ಎಂದು ನಿಶ್ಚಯಿಸಿಕೊಂಡ ಬಳಿಕವೇ ಬರೆಯತೊಡಗಿದೆನೆಂದು ಹುಕ್ ತಿಳಿಸುತ್ತಾನೆ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಶಾಸ್ತ್ರಚಿತ್ರವು ಕನ್ನಡಿಯಲ್ಲಿ ಬಿದ್ದ ಬಿಂಬವಲ್ಲ. ಅದು ಹಲವು ನೋಟಗಳನ್ನು ತೂಗಿ ನೋಡಿ ಕೊಟ್ಟ ತೀರ್ಪು. ತೀರ್ಪನ್ನು ಕೊಡುವವನ ಪ್ರಾಮಾಣಿಕತೆ ಎಷ್ಟೋ ಚಿತ್ರದ ಬೆಲೆಯೂ ಅಷ್ಟೇ.

ಈ ಮಾತಿನ ಎರಡು ಮುಖಗಳನ್ನೂ ಒಬ್ಬನೇ ಮನುಷ್ಯನ ಜೀವನದಲ್ಲಿ ನೋಡಬೇಕಾದರೆ ಜರ್ಮನಿಯ ಎರ್ನ್ಸ್ಟ್ ಹೆಕೆಲನ ಬಳಿಗೆ ಹೋಗಬೇಕು. ಈತನು 1834ರಲ್ಲಿ ಪಾಟ್ಸ್‌ಡಾಮ್ ನಗರದಲ್ಲಿ ಹುಟ್ಟಿದನು. ತಂದೆಯ ಇಚ್ಛೆಯಂತೆ ವೈದ್ಯವಿದ್ಯೆಯನ್ನು ಕಲಿತನಾದರೂ ಆ ವೃತ್ತಿಯಲ್ಲಿ ಮನಸ್ಸು ನಿಲ್ಲಲಿಲ್ಲ. 1859ರಲ್ಲಿ ಇಟಲಿಗೆ ಪ್ರಯಾಣ ಮಾಡಿದಾಗ ಹರ್ಮನ್ ಆಲ್ಮರ್ಸ್ ಎಂಬ ಕವಿಯ ಸ್ನೇಹವಾಯಿತು. ಇಬ್ಬರೂ ಬೆಟ್ಟ ಕಡಲುಗಳನ್ನು ನೋಡುತ್ತ, ಬಣ್ಣದ ಪೆಟ್ಟಿಗೆಯನ್ನು ಹಿಡಿದು ಅಲೆದರು. ಶಾಸ್ತ್ರವನ್ನು ಬಿಟ್ಟು ಚಿತ್ರಕಾರನಾಗಿಬಿಡಲೇ ಎಂಬ ಯೋಚನೆಯೂ ಹೆಕೆಲನಿಗೆ ಬಂದಿತ್ತು.

ಆ ತೂಗುಯ್ಯಾಲೆಯನ್ನು ನಿಲ್ಲಿಸಿದುದು ಸಿಸಿಲಿ ದ್ವೀಪದ ಮೆಸ್ಸೀನದ ಕಡಲು. 1859-60ರ ಚಳಿಗಾಲವನ್ನು ಅಲ್ಲಿ ಕಳೆದ ಹೆಕೆಲನು ನವುರಾದ ಬಲೆಯಿಂದ ಕಡಲಿನ ನೀರನ್ನು ಸೋಸಿ, ಬಲೆಯಲ್ಲಿ ಸಿಕ್ಕಿದುದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಿದ್ದನು. ಅಲ್ಲಿ ರೇಡಿಯೊಲೇರಿಯ ಎಂಬ ಜೀವಿಗಳು ಅವನ ಕಣ್ಣಿಗೆ ಬಿದ್ದವು. ಒಂದೇ ಜೀವಕೋಶದ ಪ್ರಾಣಿಗಳು ಇವು. ಬಹುಮಟ್ಟಿಗೆ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿನಷ್ಟು ಗಾತ್ರ. ಕೈಯಿಲ್ಲ, ಕಣ್ಣಿಲ್ಲ, ಮೆದುಳಿಲ್ಲ. ಹಾಗಿದ್ದರೂ ಸಮುದ್ರದ ನೀರಿನಲ್ಲಿ ಕರಗಿರುವ ಸಿಲಿಕವನ್ನು, ಎಂದರೆ ಮರಳಿನಲ್ಲಿಯೂ ಗಾಜಿನಲ್ಲಿಯೂ ಇರುವ ಪದಾರ್ಥವನ್ನೇ, ಹೀರಿಕೊಂಡು ತಮ್ಮ ಮೃದುವಾದ ಮೈಗೆ ಗಾಜಿನಂಥ ಅಸ್ಥಿಪಂಜರವನ್ನು ಕಟ್ಟಿಕೊಳ್ಳುತ್ತವೆ.

ಆ ಪಂಜರ ಹೇಗಿರುತ್ತದೆಂದು ಹೇಳಲಿ? ನಮ್ಮ ಮನೆಯ ಹೆಂಗಸರು ಹಬ್ಬದ ದಿನ ಬಾಗಿಲಿನ ಮುಂದೆ ಚುಕ್ಕಿಗಳನ್ನಿಟ್ಟು ಹಾಕುವ ರಂಗವಲ್ಲಿಯನ್ನು ನೆನೆಯಿರಿ. ಆ ರಂಗವಲ್ಲಿ ನೆಲವನ್ನು ಬಿಟ್ಟು ಮೇಲಕ್ಕೆದ್ದು, ಎಲ್ಲ ಕಡೆಗೂ ಬಾಗಿ, ಚೆಂಡಿನಾಕಾರವನ್ನು ತಾಳಿತೆಂದು ಭಾವಿಸಿರಿ. ಆ ಜಾಲಂಧ್ರದ ಚೆಂಡಿನೊಳಗೆ ಇನ್ನೊಂದು ಜಾಲಂಧ್ರದ ಚೆಂಡು, ಅದರೊಳಗೆ ಮತ್ತೊಂದು. ಮೂರನ್ನೂ ಕೂಡಿಸಲು ನಡುವಿನಿಂದ ಹೊರಕ್ಕೆ ಚಾಚಿದ ಸೂಜಿಯಂಥ ಕಂಬಿಗಳು. ಕೆಲವು ಜಾತಿಗಳು ಹೀಗಿದ್ದರೆ, ಬೇರೆ ಕೆಲವು ಗಂಟೆಯ ಹಾಗೆ, ಕೆಲವು ಕಿರೀಟದ ಹಾಗೆ, ಕೆಲವು ಹೆಣೆದ ಬುಟ್ಟಿಯ ಹಾಗೆ. ಮೆಸ್ಸೀನದಲ್ಲಿ ಒಂದೇ ಚಳಿಗಾಲದಲ್ಲಿ ಅದುವರೆಗೆ ಯಾರೂ ವರ್ಣಿಸದ ನೂರಕ್ಕೂ ಹೆಚ್ಚು ಜಾತಿಗಳನ್ನು ಹೆಕೆಲನು ಕಂಡುಹಿಡಿದನು. 1862ರಲ್ಲಿ ಅವುಗಳ ವಿಷಯವಾಗಿ ದೊಡ್ಡ ಗ್ರಂಥವನ್ನೂ, ಜೊತೆಗೆ 35 ತಾಮ್ರಪಟ್ಟಿಯ ಚಿತ್ರಗಳ ಸಂಪುಟವನ್ನೂ ಪ್ರಕಟಿಸಿದನು. ಚಿತ್ರಕಾರನಾಗಬೇಕೆ, ಶಾಸ್ತ್ರಜ್ಞನಾಗಬೇಕೆ ಎಂಬ ಪ್ರಶ್ನೆಗೆ ಉತ್ತರ ದೊರೆಯಿತು. ಎರಡನ್ನೂ ಒಂದೇ ಮೇಜಿನ ಮೇಲೆ ನಡೆಸಬಹುದಾಗಿತ್ತು.

ಅದೇ 1862ರಲ್ಲಿ, ತಾನು ಇಟಲಿಯಿಂದ ಕಾಗದಗಳನ್ನು ಬರೆಯುತ್ತಿದ್ದ ಅನ್ನಾ ಸೇಥೆ ಎಂಬಾಕೆಯನ್ನು ಹೆಕೆಲನು ಮದುವೆಯಾದನು. ಆ ಸುಖ ಎರಡು ವರ್ಷವೂ ಉಳಿಯಲಿಲ್ಲ. 1864ರ ಫೆಬ್ರವರಿ 16, ಅವನಿಗೆ ಮೂವತ್ತು ತುಂಬಿದ ದಿನವೇ, ಆಕೆ ತೀರಿಕೊಂಡಳು. ಶೋಕದಿಂದ ಜರ್ಜರಿತನಾದ ಹೆಕೆಲನು ಫ್ರಾನ್ಸಿನ ದಕ್ಷಿಣ ತೀರದ ನೀಸ್ ನಗರಕ್ಕೆ ಹೋದನು. ಅಲ್ಲಿ ಕಡಲಂಚಿನಲ್ಲಿ ಒಂದು ಅಂಬಲಿಮೀನು ಕಾಣಿಸಿತು. ಅದರ ಕುಡಿಗಳು ನೀರಿನಲ್ಲಿ ತೇಲುವ ರೀತಿ ಅವನಿಗೆ ಹೆಂಡತಿಯ ಹೊಂಬಣ್ಣದ ಕೂದಲನ್ನು ನೆನಪಿಗೆ ತಂದಿತು. ಆ ಪ್ರಾಣಿಗೆ ಆಕೆಯ ಹೆಸರನ್ನೇ ಇಟ್ಟನು. ಮುಂದೆ ಮತ್ತೊಂದು ಅಂಬಲಿಮೀನಿಗೂ 'ಡೆಸ್ಮೊನೀಮ ಅನ್ನಾಸೇಥೆ' ಎಂದು ನಾಮಕರಣ ಮಾಡಿದನು. ಅದರ ಚಿತ್ರವನ್ನು ನೋಡಿದವರು ಮರೆಯಲಾರರು. ಮೇಲೆ ಕೊಡೆಯಂಥ ಮೈ. ಅದರಡಿಯಿಂದ ಇಳಿದು, ಬಳುಕಿ, ಸುರುಳಿ ಸುತ್ತಿ ಹರಡಿದ ನೂರಾರು ಎಳೆಗಳು. ಶಾಸ್ತ್ರಗ್ರಂಥದಲ್ಲಿ ಕಣ್ಣೀರಿಗೆ ಸ್ಥಳವಿಲ್ಲವೆನ್ನುತ್ತಾರೆ. ಆದರೆ ಒಂದು ಎಳೆಯನ್ನಾದರೂ ಅಸಡ್ಡೆಯಿಂದ ಬರೆಯದಿರುವ ಆ ಶ್ರದ್ಧೆಯಲ್ಲಿ ಅದಕ್ಕೆ ಸ್ಥಳ ಸಿಕ್ಕಿದೆಯೆಂದು ನನಗೆ ತೋರುತ್ತದೆ.

1872ರ ಡಿಸೆಂಬರಿನಲ್ಲಿ 'ಚಾಲೆಂಜರ್' ಎಂಬ ಇಂಗ್ಲಿಷ್ ಹಡಗು ಸಮುದ್ರಗಳ ಆಳವನ್ನು ಪರೀಕ್ಷಿಸಲು ಹೊರಟು, ಲೋಕವನ್ನು ಸುತ್ತಿ, 1876ರ ಮೇ ತಿಂಗಳಲ್ಲಿ ಹಿಂದಿರುಗಿತು. ಅದು ಕಡಲ ತಳದಿಂದ ಎತ್ತಿ ತಂದ ಕೆಸರಿನಲ್ಲಿ ರೇಡಿಯೊಲೇರಿಯಗಳ ಪಂಜರಗಳು ಲೆಕ್ಕವಿಲ್ಲದಷ್ಟಿದ್ದವು. ಸತ್ತ ಜೀವಿಗಳ ಈ ಗಾಜಿನ ಮನೆಗಳು ಮೇಲಿನಿಂದ ಮಳೆಯಂತೆ ಇಳಿದು, ಸಾಗರದ ತಳದಲ್ಲಿ ಕೆಲವೆಡೆ ಮೈಲಿಗಟ್ಟಲೆ ಹರಡಿಕೊಂಡಿವೆ. ಅವನ್ನು ವಿಂಗಡಿಸುವ ಭಾರ ಹೆಕೆಲನ ಪಾಲಿಗೆ ಬಂದಿತು. ಸುಮಾರು ಹತ್ತು ವರ್ಷ ದುಡಿದು 1887ರಲ್ಲಿ ವರದಿಯನ್ನು ಒಪ್ಪಿಸಿದನು. ಅದರಲ್ಲಿ 4,318 ಜಾತಿಗಳ ವರ್ಣನೆಯಿದೆ, ಅವುಗಳಲ್ಲಿ 3,508 ಹೊಸವು, ಚಿತ್ರಪಟಗಳು 140. ಈ ಮಧ್ಯೆ 1881-82ರಲ್ಲಿ ಹೆಕೆಲನು ಪೂರ್ವದೇಶಗಳ ಕಡೆಗೂ ಬಂದಿದ್ದನು. ಮುಂಬಯಿಯಲ್ಲಿ ಇಳಿದು, ಅಲ್ಲಿಂದ ಸಿಂಹಳಕ್ಕೆ ಹೋಗಿ, ಕಡಲತೀರದ ಹಳ್ಳಿಯೊಂದರಲ್ಲಿ ಕೆಲವು ವಾರ ತಂಗಿ ಜೀವಿಗಳನ್ನು ಸಂಗ್ರಹಿಸಿದನು.

ಪಂಡಿತರಿಗೆ ಮಾತ್ರ ದೊರೆಯುತ್ತಿದ್ದ ಈ ಸಂಪತ್ತನ್ನು ಜನಸಾಮಾನ್ಯರಿಗೂ ಹಂಚಬೇಕೆಂಬ ಆಸೆಯಿಂದ ಹುಟ್ಟಿದುದು 'ಪ್ರಕೃತಿಯ ಕಲಾರೂಪಗಳು' ಎಂಬರ್ಥದ ಹೆಸರುಳ್ಳ ಪ್ರಸಿದ್ಧ ಗ್ರಂಥ. 1899ರಿಂದ 1904ರವರೆಗೆ ಹತ್ತು ಹತ್ತು ಪಟಗಳ ಕಂತುಗಳಾಗಿ ಹೊರಬಂದು ನೂರು ಪಟಗಳಲ್ಲಿ ಮುಗಿಯಿತು. ಮೊದಲನೆಯ ಪಟದಲ್ಲೇ ಆಶ್ಚರ್ಯ ಕಾದಿದೆ: ಇಪ್ಪತ್ತು ತ್ರಿಕೋನ ಮುಖಗಳುಳ್ಳ, ರೇಖಾಗಣಿತದ ಪುಸ್ತಕದಿಂದ ಎದ್ದುಬಂದಂತಿರುವ, ಕಣ್ಣಿಗೆ ಕಾಣದ ಸಮುದ್ರಜೀವಿ. ಮುಂದೆ ಅಂಬಲಿಮೀನು, ಹವಳ, ನಕ್ಷತ್ರಮೀನು, ಸೀತಾಳೆ ಹೂ, ಕಡೆಗೆ ಬಾವಲಿಗಳ ಮುಖಗಳೂ ಇವೆ. ಬಾವಲಿಯ ಮುಖವನ್ನು ಸುಂದರವೆಂದು ಯಾರು ತಾನೆ ಹೇಳಿಯಾರು? ಆದರೂ ಆ ಪಟದ ಮುಂದೆ ನಿಂತರೆ, ಮೂಗಿನ ಮೇಲೆ ಎಲೆಯಂತೆ ಎದ್ದ ಚರ್ಮವನ್ನೂ, ಮಡಿಕೆ ಮಡಿಕೆಯಾದ ಕಿವಿಯನ್ನೂ ನೋಡುತ್ತ ನೋಡುತ್ತ ಹೇಸಿಗೆ ಹೋಗಿ ಕುತೂಹಲ ಹುಟ್ಟುತ್ತದೆ. ಕುತೂಹಲ ಹೋಗಿ ಗೌರವ ಹುಟ್ಟುತ್ತದೆ.

ಈ ಪಟಗಳಿಗೆ ಎರಡನೆಯ ಒಡೆಯನೊಬ್ಬನಿದ್ದಾನೆ. ಅವನನ್ನು ಮರೆಯುವುದು ನ್ಯಾಯವಲ್ಲ. ಹೆಕೆಲನು ಬರೆದುಕೊಟ್ಟ ಚಿತ್ರಗಳನ್ನು ಕಲ್ಲಿನ ಮೇಲೆ ಇಳಿಸಿದವನು ಯೇನಾ ನಗರದ ಅಡಾಲ್ಫ್ ಗಿಲ್ಚ್. ಕಲ್ಲಚ್ಚಿನ ಉಪಾಯ ಸರಳವಾದದ್ದು. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಲ್ಲನ್ನು ಒದ್ದೆಮಾಡಿದರೆ, ಜಿಡ್ಡಿರುವ ಕಡೆ ನೀರು ನಿಲ್ಲುವುದಿಲ್ಲ. ಮೇಲೆ ಅಚ್ಚಿನ ಮಸಿಯನ್ನು ಉರುಳಿಸಿದರೆ ನೀರಿರುವ ಕಡೆ ಮಸಿ ಹತ್ತುವುದಿಲ್ಲ. ಹೀಗೆ ಬರೆದ ಗೆರೆ ಮಾತ್ರ ಕಾಗದಕ್ಕೆ ಬರುತ್ತದೆ. ಈ ವಿದ್ಯೆ ನಮಗೂ ಅಪರಿಚಿತವಲ್ಲ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು 1843ರಲ್ಲಿ ಹೊರಟುದು ಕಲ್ಲಚ್ಚಿನಲ್ಲಿಯೇ. ಆದರೆ ಕೂದಲೆಳೆಗಿಂತ ಸಣ್ಣ ಗೆರೆಗಳನ್ನು ತಪ್ಪಿಲ್ಲದೆ, ಬಣ್ಣಕ್ಕೊಂದು ಕಲ್ಲಿನಂತೆ ಹೊಂದಿಸಿ ಅಚ್ಚೊತ್ತುವುದು ಸಾಮಾನ್ಯವಾದ ಸಾಧನೆಯಲ್ಲ. ನೋಡುವ ಕಣ್ಣು ಒಬ್ಬನದು, ಒತ್ತುವ ಕೈ ಇನ್ನೊಬ್ಬನದು. ನಡುವೆ ಒಂದು ಗೆರೆ ಸಡಿಲವಾದರೂ ಜಾತಿಯೇ ಬದಲಾದೀತು.

ಈ ರೂಪಗಳು ಕಲೆಗಾರರನ್ನು ಬಹಳವಾಗಿ ಸೆಳೆದವು. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಮಹಾದ್ವಾರವನ್ನು ಕಟ್ಟಿದ ರೆನೆ ಬಿನೆ ಎಂಬ ಶಿಲ್ಪಿ, ಅದರ ಆಕಾರವನ್ನು ಹೆಕೆಲನ ರೇಡಿಯೊಲೇರಿಯ ಚಿತ್ರಗಳಿಂದಲೇ ತೆಗೆದುಕೊಂಡನು. ಸಾಸುವೆ ಕಾಳಿಗಿಂತಲೂ ಎಷ್ಟೋ ಸಣ್ಣದಾದ ಜೀವಿಯ ಪಂಜರ ಜನಜಂಗುಳಿ ನುಗ್ಗುವ ಹೆಬ್ಬಾಗಿಲಾಯಿತು. ಶಾಸ್ತ್ರಜ್ಞರೂ ಸುಮ್ಮನಿರಲಿಲ್ಲ. ಸ್ಕಾಟ್ಲೆಂಡಿನ ಡಾರ್ಸಿ ಥಾಂಪ್ಸನ್ 1917ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಇಂಥ ಆಕಾರಗಳಲ್ಲಿ ಎಷ್ಟೋ ಅಂಶ ಭೌತಶಕ್ತಿಗಳ ಕೆಲಸವೆಂದು ವಾದಿಸಿದನು. ಸೀಗೆಯ ನೊರೆಯಲ್ಲಿ ಗುಳ್ಳೆಗಳು ಒಂದನ್ನೊಂದು ಒತ್ತಿಕೊಂಡಾಗ ಅವುಗಳ ಸಂದುಗಳು ತಾವಾಗಿಯೇ ಕ್ರಮಬದ್ಧವಾದ ಜಾಲವಾಗುತ್ತವೆ. ಜೀವಿಯ ಮೈಮೇಲಿನ ಗುಳ್ಳೆಗಳ ಸಂದುಗಳಲ್ಲಿ ಸಿಲಿಕ ಹೆಪ್ಪುಗಟ್ಟಿದರೆ ಜಾಲಂಧ್ರ ಸಿದ್ಧ ಎಂಬುದು ಆ ವಾದದ ಸಾರ. ಚಿತ್ರವು ಕೇವಲ ನೋಡುವುದಕ್ಕಲ್ಲದೆ 'ಹೀಗೇಕೆ?' ಎಂದು ಕೇಳುವುದಕ್ಕೂ ಪ್ರೇರಕವಾಯಿತು. ಸೌಂದರ್ಯದ ಸಾರ್ಥಕತೆ ಇದಕ್ಕಿಂತ ಇನ್ನೇನು ಬೇಕು?

ಇಲ್ಲಿಗೇ ಮುಗಿಸಿದರೆ ಕಥೆ ಮಂಗಳವಾಗಿಯೇ ಇರುತ್ತಿತ್ತು, ಪೂರ್ತಿಯಾಗುತ್ತಿರಲಿಲ್ಲ. ಹೆಕೆಲನು ಡಾರ್ವಿನ್ನನ ವಿಕಾಸವಾದವನ್ನು ಉತ್ಸಾಹದಿಂದ ಸಾರಿದವನು. ಪ್ರಾಣಿಯು ಗರ್ಭದಲ್ಲಿ ಬೆಳೆಯುವಾಗ ತನ್ನ ಪೂರ್ವಜರ ರೂಪಗಳನ್ನು ಒಂದೊಂದಾಗಿ ದಾಟಿಬರುತ್ತದೆ ಎಂಬುದು ಅವನ ಸಿದ್ಧಾಂತ. ಅದನ್ನು ಸಾಧಿಸಲು 1868ರ ಪುಸ್ತಕವೊಂದರಲ್ಲಿ ನಾಯಿ, ಕೋಳಿ, ಆಮೆಗಳ ಭ್ರೂಣಗಳು ಆರಂಭದಲ್ಲಿ ಎಷ್ಟು ಹೋಲುತ್ತವೆಂದು ಮೂರು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದನು. ಹೋಲದೆ ಏನು ಮಾಡೀತು? ಮೂರೂ ಒಂದೇ ಅಚ್ಚಿನಿಂದ ತೆಗೆದ ಚಿತ್ರಗಳು! ಬಾಸೆಲ್ ನಗರದ ರೂಟಿಮಾಯರ್ ಎಂಬ ಪಂಡಿತನು ಇದನ್ನು ಹಿಡಿದು ತೋರಿಸಿದ ಮೇಲೆ 1870ರ ಎರಡನೆಯ ಮುದ್ರಣದಲ್ಲಿ ತಿದ್ದುಪಡಿಯಾಯಿತು. ಆದರೆ 1874ರಲ್ಲಿ, ಮೀನಿನಿಂದ ಮನುಷ್ಯನವರೆಗೆ ಎಂಟು ಪ್ರಾಣಿಗಳ ಭ್ರೂಣಗಳನ್ನು ಸಾಲಾಗಿ ಬರೆದಾಗಲೂ ಹೋಲಿಕೆಗಳು ಹಿಗ್ಗಿದವು, ವ್ಯತ್ಯಾಸಗಳು ಕುಗ್ಗಿದವು. ವಿಲ್ಹೆಲ್ಮ್ ಹಿಸ್ ಎಂಬ ಅಂಗರಚನಾಶಾಸ್ತ್ರಜ್ಞನು ಇದನ್ನು ಕಟುವಾಗಿ ಖಂಡಿಸಿದನು. ಆ ಚಿತ್ರಗಳಾದರೋ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ನಕಲಾಗುತ್ತ ನೂರು ವರ್ಷಕ್ಕೂ ಮೇಲೆ ಬಾಳಿದವು. 1997ರಲ್ಲಿ ಮೈಕೆಲ್ ರಿಚರ್ಡ್‌ಸನ್ ಮತ್ತು ಸಂಗಡಿಗರು ನಿಜವಾದ ಭ್ರೂಣಗಳ ಛಾಯಾಚಿತ್ರಗಳನ್ನು ಪಕ್ಕದಲ್ಲಿಟ್ಟು ತೋರಿಸಿದಾಗ ಅಂತರ ಎಲ್ಲರಿಗೂ ಕಂಡಿತು. ಅದೇ 1868ರ ಪುಸ್ತಕದ ಮೊದಲಲ್ಲಿ ಮನುಷ್ಯರ ಮತ್ತು ವಾನರರ ತಲೆಗಳನ್ನು ಮೇಲುಕೀಳಿನ ಸಾಲಾಗಿ ಜೋಡಿಸಿದ ಚಿತ್ರವೊಂದಿತ್ತು. ಜನಾಂಗಗಳ ವಿಷಯದಲ್ಲಿ ತನಗಿದ್ದ ಪೂರ್ವಗ್ರಹಕ್ಕೆ ಹೆಕೆಲನು ಶಾಸ್ತ್ರದ ವೇಷ ತೊಡಿಸಿದುದು ಹೀಗೆ.

ವಿಕಾಸವಾದ ಇದರಿಂದ ಸುಳ್ಳಾಗಲಿಲ್ಲ. ಅದಕ್ಕೆ ಬೇರೆ ಆಧಾರಗಳು ಬೇಕಾದಷ್ಟಿವೆ. ಭ್ರೂಣಗಳಲ್ಲಿ ಹೋಲಿಕೆಯಿರುವುದೂ ನಿಜವೇ. ಕೆಟ್ಟುದು ನಂಬಿಕೆ. ಮೆಸ್ಸೀನದಲ್ಲಿ ಕಣ್ಣು ಮುಂದೆ ಹೋಗಿ ಕೈ ಅದನ್ನು ಹಿಂಬಾಲಿಸಿತ್ತು. ಇಲ್ಲಿ ಸಿದ್ಧಾಂತ ಮುಂದೆ ಹೋಯಿತು, ಕೈ ಅದರ ಹಿಂದೆ ಓಡಿತು, ಕಣ್ಣು ಮನೆಯಲ್ಲೇ ಉಳಿಯಿತು. 'ಕಲಾರೂಪಗಳು' ಗ್ರಂಥದಲ್ಲಿಯೂ ಈ ದೋಷದ ನೆರಳು ಇಲ್ಲದಿಲ್ಲ. ಪ್ರಕೃತಿಯಲ್ಲಿ ಅಲ್ಪಸ್ವಲ್ಪ ಸೊಟ್ಟಾಗಿರುವ ಜೀವಿ ಹೆಕೆಲನ ಪಟದಲ್ಲಿ ಎಡಬಲ ಸರಿಸಮವಾಗಿ ನಿಂತಿರುವುದುಂಟೆಂದು ಬಲ್ಲವರು ಹೇಳಿದ್ದಾರೆ. ಚಿತ್ರಕಾರ ಇಷ್ಟನ್ನು ಮಾಡಿದರೆ ನಾವು ಕೇಳುವುದಿಲ್ಲ. ಆದರೆ ಶಾಸ್ತ್ರಚಿತ್ರವು 'ನಾನು ನೋಡಿದೆ, ನೀವೂ ನಂಬಿರಿ' ಎಂದು ಮಾತು ಕೊಡುತ್ತದೆ. ಚಿತ್ರ ಅಂದವಾದಷ್ಟೂ ನಾವು ಬೇಗ ನಂಬುತ್ತೇವೆ. ಆದುದರಿಂದಲೇ ಅಂದವಾಗಿ ಬರೆಯಬಲ್ಲವನ ಹೊಣೆ ಉಳಿದವರಿಗಿಂತ ಹೆಚ್ಚಿನದು.

ದೂರದ ಪಂಡಿತನೊಬ್ಬನ ತಪ್ಪನ್ನು ಹೇಳಿ ನಗುವುದು ಸುಲಭ. ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ವರ್ಷವೂ ನಡೆಯುವುದೇನು? ಸೂಕ್ಷ್ಮದರ್ಶಕದ ಕೆಳಗೆ ಈರುಳ್ಳಿಯ ಸಿಪ್ಪೆಯನ್ನು ಇಟ್ಟಿರುತ್ತದೆ. ವಿದ್ಯಾರ್ಥಿ ಒಂದು ಕ್ಷಣ ಬಗ್ಗಿ ನೋಡುತ್ತಾನೆ. ಆಮೇಲೆ ಪುಸ್ತಕವನ್ನು ತೆರೆದು ಅದರ ಚಿತ್ರವನ್ನು ನಕಲು ಮಾಡುತ್ತಾನೆ. ಪಕ್ಕದವನು ಇವನ ಪುಸ್ತಕದಿಂದ ನಕಲು ಮಾಡುತ್ತಾನೆ. ಗೆರೆ ನೇರವಾಗಿದೆಯೆಂದು, ಬಣ್ಣ ಚೆನ್ನಾಗಿದೆಯೆಂದು ನಾವು ಉಪಾಧ್ಯಾಯರು ಅಂಕಗಳನ್ನೂ ಕೊಡುತ್ತೇವೆ. ಒಂದೇ ಅಚ್ಚಿನಿಂದ ಮೂರು ಪ್ರಾಣಿಗಳನ್ನು ತೆಗೆದ ಹೆಕೆಲನಿಗೂ, ಒಂದೇ ಚಿತ್ರದಿಂದ ಅರವತ್ತು ಪುಸ್ತಕಗಳನ್ನು ತುಂಬಿಸುವ ನಮಗೂ ಬಹಳ ಅಂತರವಿಲ್ಲ. ಒಮ್ಮೆ ಒಬ್ಬ ಹುಡುಗನು ಗೆರೆಗಳೆಲ್ಲ ಒರಟಾದ ಚಿತ್ರವನ್ನು ತಂದಿದ್ದನು. ಜೀವಕೋಶಗಳ ನಡುವೆ ಒಂದು ದುಂಡನೆಯ ಕಪ್ಪು ಉಂಗುರ. ಇದೇನೆಂದು ಕೇಳಿದರೆ, "ಅದೇನೋ ಗೊತ್ತಿಲ್ಲ ಸಾರ್, ಅಲ್ಲಿತ್ತು, ಬರೆದೆ" ಎಂದನು. ನೋಡಿದರೆ ಅದು ಗಾಜಿನ ಕೆಳಗೆ ಸಿಕ್ಕಿದ ಗಾಳಿಯ ಗುಳ್ಳೆ. ಆ ತರಗತಿಯಲ್ಲಿ ನಿಜವಾಗಿ ನೋಡಿದವನು ಅವನೊಬ್ಬನೇ.

ಇಂದು ಛಾಯಾಚಿತ್ರಯಂತ್ರಗಳು ಎಲ್ಲರ ಕೈಯಲ್ಲಿವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ರೇಡಿಯೊಲೇರಿಯದ ಒಂದೊಂದು ರಂಧ್ರವನ್ನೂ ತೋರಿಸುತ್ತದೆ. ಆದರೂ ಹೊಸ ಗಿಡವೊಂದನ್ನು ವರ್ಣಿಸುವ ಸಸ್ಯಶಾಸ್ತ್ರಜ್ಞರು ಈಗಲೂ ಗೆರೆಚಿತ್ರವನ್ನು ಬರೆಯಿಸುವುದುಂಟು. ಯಂತ್ರವು ಎದುರಿಗಿರುವ ಒಂದು ಹೂವನ್ನು, ಅದರ ಮೇಲಿನ ಧೂಳಿನ ಸಮೇತ, ಹಿಡಿಯುತ್ತದೆ. ಬರೆಯುವವನು ಹತ್ತು ಹೂಗಳನ್ನು ನೋಡಿ, ಯಾವುದು ಆ ಜಾತಿಯ ಲಕ್ಷಣ, ಯಾವುದು ಆ ಒಂದು ಹೂವಿನ ಪಾಡು ಎಂದು ವಿವೇಚಿಸುತ್ತಾನೆ. ಹುಕ್ ನೊಣದ ಕಣ್ಣಿನ ಮುಂದೆ ಕುಳಿತು ಮಾಡಿದುದೂ ಇದನ್ನೇ. ಈ ವಿವೇಚನೆಯಿಂದ ಗೆರೆಗೆ ಬರುವ ನಿಶ್ಚಯವೇ ಶಾಸ್ತ್ರಚಿತ್ರದ ಸೌಂದರ್ಯ; ಮೇಲೆ ಹಚ್ಚಿದ ಬಣ್ಣವಲ್ಲ.

ಈಗ ನಮ್ಮ ಪಾರಿಜಾತಕ್ಕೆ ಹಿಂದಿರುಗೋಣ. ಎಸಳು ಎಷ್ಟೆಂದು ನಾನು ಕೇಳಿದ್ದೆನಲ್ಲವೆ? ಐದೂ ಉಂಟು, ಆರೂ ಉಂಟು, ಏಳೂ ಉಂಟು, ಎಂಟೂ ಉಂಟು. ಒಂದೇ ಮರದ ಕೆಳಗೆ ಬೇರೆ ಬೇರೆ ಎಣಿಕೆಯ ಹೂಗಳು ಸಿಕ್ಕುತ್ತವೆ. ಪ್ರತಿಯೊಂದು ಎಸಳೂ ತುದಿಯಲ್ಲಿ ಸೀಳಿ, ಗಾಳಿಗೆ ತಿರುಗುವ ಚಕ್ರದ ಹಾಗೆ ಒಂದೇ ಕಡೆಗೆ ಓರೆಯಾಗಿರುತ್ತದೆ. ನನ್ನ ಮಾತನ್ನು ನಂಬಬೇಕಾಗಿಲ್ಲ. ನಾಳೆ ಬೆಳಿಗ್ಗೆ ನಾಲ್ಕು ಹೂಗಳನ್ನು ಆಯ್ದು ತಂದು, ಮಕ್ಕಳ ಕೈಗೆ ಒಂದು ಸೀಸದ ಕಡ್ಡಿಯನ್ನು ಕೊಟ್ಟು, ಇದ್ದಂತೆ ಬರೆಯಿರೆಂದು ಹೇಳಿರಿ. ನೀವೂ ಜೊತೆಯಲ್ಲಿ ಕುಳಿತು ಬರೆಯಿರಿ. ಚಿತ್ರ ಸೊಟ್ಟಾದರೆ ಚಿಂತೆಯಿಲ್ಲ. ಎಣಿಕೆ ಮಾತ್ರ ತಪ್ಪದಿರಲಿ.